ಕೆರೆಯ ದಂಡೆ, ನೀರು, ಮೀನು: ಊರವರು ಸೇರಿ ನಿಭಾಯಿಸುವ ಕ್ರಮ

ಕರಾವಳಿಯ ಆಡಳಿತವೆಲ್ಲ ನಿಂತಿರುವುದು ನೆಲದ ಮೇಲಿನ ಒಂದು ಗೆರೆ ಮತ್ತು ಕ್ಯಾಲೆಂಡರಿನ ಎರಡು ತಾರೀಖುಗಳ ಮೇಲೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಉಬ್ಬರದ ಗೆರೆಯಿಂದ ಒಳಕ್ಕೆ 500 ಮೀಟರ್ ವರೆಗಿನ ನೆಲದಲ್ಲಿ ಏನು ಮಾಡಬಹುದು, ಏನು ಕೂಡದು ಎಂದು ಹೇಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗೆರೆಯನ್ನು ಮೀನುಗಾರನೂ ಎಳೆಯುವುದಿಲ್ಲ, ರೆಸಾರ್ಟಿನ ಮಾಲೀಕನೂ ಎಳೆಯುವುದಿಲ್ಲ. ಜಗಳ ಶುರುವಾಗುವ ಮೊದಲೇ ಅದು ನಕ್ಷೆಯಲ್ಲಿರುತ್ತದೆ.

ದಾವಣಗೆರೆ, ಚಿತ್ರದುರ್ಗದ ಕಡೆ ಕಡಲಿಲ್ಲ, ಆದರೆ ದಂಡೆಗಳಿಗೆ ಕೊರತೆಯಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಹರಿಹರದ ಕೊಂಡಜ್ಜಿ ಕೆರೆ, ಭೀಮಸಮುದ್ರ, ಭರಮಸಾಗರ, ಜಗಳೂರು ಕೆರೆ, ಹಿರಿಯೂರಿನ ವಾಣಿ ವಿಲಾಸ ಸಾಗರ ಎಲ್ಲ ಕಡೆಯೂ ಕರಾವಳಿಯ ತಂಟೆಗಳೇ ಇವೆ: ಒತ್ತುವರಿ, ಕೊಳಚೆ, ಮರಿಮೀನಿನ ಬೇಟೆ, ನೀರಿನ ಪಾಲಿನ ಜಗಳ. ಅಂಥದೇ ಗೆರೆ, ತಾರೀಖುಗಳನ್ನು ಕೆರೆಗೂ ಹಾಕಿಕೊಳ್ಳುವ ಕ್ರಮವನ್ನು ಇಲ್ಲಿ ಬರೆದಿರುವುದು ಗ್ರಾಮ ಪಂಚಾಯಿತಿ, ಕೆರೆ ಬಳಕೆದಾರರ ಸಂಘ ಮತ್ತು ಮೀನುಗಾರರ ಸಹಕಾರ ಸಂಘಕ್ಕಾಗಿ. ಲೆಕ್ಕದ ಅನುಕೂಲಕ್ಕೆ, ತುಂಬಿದಾಗ 100 ಎಕರೆ, ಅಂದರೆ ಸುಮಾರು 40 ಹೆಕ್ಟೇರ್ ಹರಡುವ ಒಂದು ಕೆರೆಯನ್ನು ಎದುರಿಗಿಟ್ಟುಕೊಳ್ಳೋಣ.

ಯಾವುದು ಯಾರದು

ಒಂದು ಕೆರೆಗೆ ನಾಲ್ಕೈದು ಯಜಮಾನರು. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರ್‌ನಿಂದ 2,000 ಹೆಕ್ಟೇರ್ ಒಳಗಿದ್ದರೆ ಏರಿ, ತೂಬು (ನೀರು ಬಿಡುವ ಬಾಗಿಲು), ಕೋಡಿ (ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಹರಿಯುವ ಕಟ್ಟೆ) ಸಣ್ಣ ನೀರಾವರಿ ಇಲಾಖೆಯ ಸುಪರ್ದಿಗೆ. 40ಕ್ಕಿಂತ ಕಡಿಮೆಯಿದ್ದರೆ ಪಂಚಾಯತ್ ರಾಜ್ ಕಡೆಗೆ. ನೆಲ ಕಂದಾಯ ಇಲಾಖೆಯ ದಾಖಲೆಯಲ್ಲಿರುತ್ತದೆ. ಮೀನಿನ ಹಕ್ಕನ್ನು ಕೆರೆಯ ದರ್ಜೆ ನೋಡಿ ಮೀನುಗಾರಿಕೆ ಇಲಾಖೆಯೋ ಪಂಚಾಯಿತಿಯೋ ಗುತ್ತಿಗೆ ಕೊಡುತ್ತದೆ. ದಂಡೆಯಲ್ಲಿ ನೆಡುತೋಪು ಇದ್ದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು. ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಅರ್ಜಿ ಕೊಡಬೇಕಾದ ಕಚೇರಿಯ ಹೆಸರು ಹಾಕಿ. ತೂಬಿನ ದೂರನ್ನು ಮೀನುಗಾರಿಕೆ ಕಚೇರಿಗೆ ಕೊಟ್ಟು ವರ್ಷಗಟ್ಟಲೆ ಕಾಯುವವರಿದ್ದಾರೆ.

ಗ್ರಾಮ ನಕ್ಷೆ, ಕೆರೆಯ ಸರ್ವೆ ನಂಬರಿನ ಟಿಪ್ಪಣಿ (ಗಡಿಯ ಅಳತೆ ಬರೆದ ಸರ್ವೆ ಹಾಳೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಕೆರೆಗೆ ತಾಗಿದ ಎಲ್ಲ ಸರ್ವೆ ನಂಬರುಗಳ ಪಹಣಿ ತೆಗೆಸಿ. ಹಳೆಯ ಗ್ರಾಮ ನಕ್ಷೆಯ ಅಳತೆ 1:7,920. ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದಲ್ಲಿ ಸುಮಾರು 8 ಮೀಟರ್. ಪೆನ್ಸಿಲ್ ಗೆರೆಯ ದಪ್ಪವೇ 4 ಮೀಟರ್ ನುಂಗುತ್ತದೆ. ಆದ್ದರಿಂದ ನಕ್ಷೆಯನ್ನು ಮೊಬೈಲಿನ ಮೇಲೆ ಹೊಂದಿಸಿ ‘ಇಲ್ಲೇ ಗಡಿ’ ಎಂದು ವಾದಕ್ಕಿಳಿಯಬೇಡಿ. ದಿಶಾಂಕ್ ಆ್ಯಪ್ ಸರ್ವೆ ನಂಬರು ಪತ್ತೆಗೆ ಸಾಕು, ಗಡಿ ತೀರ್ಮಾನಕ್ಕೆ ಸಾಲದು. ಗಡಿಗೆ ಟಿಪ್ಪಣಿಯ ಅಳತೆ ಹಿಡಿದು ಸರ್ವೆಯರ್ ಮಾಡುವ ಹದ್ದುಬಸ್ತೇ (ಗಡಿ ಅಳೆದು ಗುರುತಿಸುವುದು) ಬೇಕು.

ಮೊದಲ ಗೆರೆ: ತುಂಬು ಮಟ್ಟ

ಎಲ್ಲಕ್ಕಿಂತ ಹೆಚ್ಚು ಶ್ರಮ ಹಾಕಬೇಕಾದ ಕೆಲಸ ಇದು. ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಹಿನ್ನೀರಿನ ಅಂಚು ಎಲ್ಲಿಗೆ ಬರುತ್ತದೆಂಬುದನ್ನು ಕಣ್ಣಾರೆ ಕಂಡವರೇ ಇಲ್ಲದಂತಾಗಿತ್ತು. ಬಯಲುಸೀಮೆಯ ಬಹುತೇಕ ಕೆರೆಗಳ ಕಥೆ ಇದೇ: ಹತ್ತು ವರ್ಷ ಅರ್ಧ ತುಂಬಿದ ಕೆರೆಯ ಒಣ ಅಂಗಳದಲ್ಲಿ ಮೊದಲು ಜೋಳ, ಆಮೇಲೆ ಬೋರ್‌ವೆಲ್, ಆಮೇಲೆ ಅಡಿಕೆ ಸಸಿ. ಅಡಿಕೆ ಬಂದ ಮೇಲೆ ಗೆರೆ ಎಳೆಯಲು ಹೋದರೆ ಅದು ಕೋರ್ಟಿನ ವಿಷಯ.

ಕೋಡಿಯ ತಲೆಯ ಮಟ್ಟವೇ ಕೆರೆಯ ತುಂಬು ಮಟ್ಟ. ಹಾಗಾಗಿ ಮೊದಲು ನೋಡಬೇಕಾದದ್ದು ಕೋಡಿಯನ್ನೇ. ಹಿನ್ನೀರಿನಲ್ಲಿ ಜಮೀನು ಮುಳುಗುವವರು ಕೋಡಿಯ ಒಂದು ಸಾಲು ಕಲ್ಲು ಕಿತ್ತಿರಬಹುದು. ಹೆಚ್ಚು ನೀರು ಬೇಕೆನ್ನುವ ಅಚ್ಚುಕಟ್ಟಿನವರು ಮರಳಿನ ಚೀಲ ಪೇರಿಸಿರಬಹುದು. ಎರಡನೆಯದು ಹೆಚ್ಚು ಅಪಾಯ. ಏರಿಯ ತಲೆಗೂ ತುಂಬು ಮಟ್ಟಕ್ಕೂ ಒಂದು, ಒಂದೂವರೆ ಮೀಟರ್ ಅಂತರ ಬಿಟ್ಟಿರುವುದು ಮಹಾಪೂರ ಮತ್ತು ಅಲೆಗೆ. ಅದನ್ನು ಚೀಲದಲ್ಲಿ ತುಂಬಿದರೆ ನೀರು ಏರಿ ಹತ್ತಿ ಇಳಿಯುತ್ತದೆ, ಮಣ್ಣಿನ ಏರಿ ಒಂದೇ ರಾತ್ರಿಯಲ್ಲಿ ಒಡೆಯುತ್ತದೆ. ಇಲಾಖೆಯ ದಾಖಲೆಯಲ್ಲಿರುವ ಕೋಡಿಯ ಮಟ್ಟವನ್ನು ತೂಬಿನ ಕಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿ.

ದಂಡೆಯುದ್ದಕ್ಕೂ ಗೆರೆ ಗುರುತಿಸಲು, ಮಟ್ಟ ಅಳೆಯುವ ಸರ್ವೆ ಸಾಧನವಾದ ಡಂಪಿ ಲೆವೆಲ್‌ಗಿಂತ ಅಗ್ಗದ, ನಂಬಿಕಸ್ಥ ಸಾಧನ ಕೆರೆಯ ನೀರೇ. ಕೆರೆ ತುಂಬಿದ ವರ್ಷ ಹೀಗೆ ಮಾಡಿ:

1. ಕೋಡಿ ಹರಿಯುತ್ತಿರುವಾಗ ಗುರುತು ಹಾಕಬೇಡಿ. ಕೋಡಿಯ ಮೇಲೆ ಒಂದಡಿ ನೀರು ಹೋಗುತ್ತಿದ್ದರೆ ಕೆರೆಯೂ ಒಂದಡಿ ಮೇಲಿರುತ್ತದೆ. ಅಂಗಳದ ಇಳಿಜಾರು 200 ಮೀಟರಿಗೆ ಒಂದು ಮೀಟರ್ ಇದ್ದರೆ, ಆ 30 ಸೆಂಟಿಮೀಟರ್ ದಂಡೆಯಲ್ಲಿ 60 ಮೀಟರ್ ಆಗಿಬಿಡುತ್ತದೆ. ಎದುರುಗಾರರ ವಕೀಲರು ಹಿಡಿಯುವುದು ಇದನ್ನೇ.
2. ಕೋಡಿ ಹರಿಯುವುದು ನಿಂತ ದಿನ, ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲಿ ಹೊರಡಿ. ಮುಂಗಾರಿನ ಪಡುಗಾಳಿ ನೀರನ್ನು ಮೂಡಣ ದಂಡೆಗೆ ನೂಕುತ್ತದೆ. ಮಧ್ಯಾಹ್ನದ ಗುರುತು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬೀಳುತ್ತದೆ.
3. ಪ್ರತಿ 50 ಮೀಟರಿಗೆ ಮತ್ತು ದಂಡೆ ತಿರುಗುವ ಪ್ರತಿ ಮೂಲೆಗೆ ಗೂಟ ಹೊಡೆಯಿರಿ. ಗ್ರಾಮ ಆಡಳಿತಾಧಿಕಾರಿ, ಪಕ್ಕದ ಜಮೀನಿನವರು, ಸಂಘದವರು ಜೊತೆಗಿರಲಿ. ಪಂಚನಾಮೆ ಅಲ್ಲೇ ಬರೆದು ಸಹಿ ಹಾಕಿಸಿ.
4. ನೀರು ಇಳಿದ ಮೇಲೆ ಗೂಟದ ಜಾಗದಲ್ಲಿ ನಾಲ್ಕಡಿಯ ಕಲ್ಲು, ಎರಡೂವರೆ ಅಡಿ ಹೂತು. ಕಲ್ಲಿಗೆ ನಂಬರು ಕೆತ್ತಿಸಿ. ಬಣ್ಣ ಎರಡು ಮಳೆಗಾಲ ತಡೆಯುವುದಿಲ್ಲ.

ಈ ಗೆರೆಯೂ ಸರ್ವೆ ಗಡಿಯೂ ಒಂದೇ ಆಗಿರಬೇಕೆಂದಿಲ್ಲ. ತುಂಬು ಮಟ್ಟ ಸರ್ವೆ ಗಡಿಯ ಒಳಗಿದ್ದರೆ ಸರ್ವೆ ಗಡಿಯನ್ನೇ ಹಿಡಿಯಿರಿ. ಅದು ಪಟ್ಟಾ ಜಮೀನಿನೊಳಗೆ ಹೋದರೆ ಆ ರೈತ ಒತ್ತುವರಿದಾರನಲ್ಲ. ಅವನ ಜಮೀನು ಮುಳುಗಡೆಗೆ ಸೇರಿದೆಯೇ, ಪರಿಹಾರ ಸಂದಿದೆಯೇ ಎಂದು ಮೊದಲು ದಾಖಲೆ ನೋಡಬೇಕು. ಇದನ್ನು ನೋಡದೆ ಜೆಸಿಬಿ ತಂದ ಊರುಗಳಲ್ಲಿ ನಿಜವಾದ ಒತ್ತುವರಿದಾರರೂ ಅದೇ ರೈತನ ಬೆನ್ನ ಹಿಂದೆ ನಿಂತು ತಪ್ಪಿಸಿಕೊಳ್ಳುತ್ತಾರೆ.

2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಮನೆ, ವಾಣಿಜ್ಯ ಕಟ್ಟಡ, ಕಾರ್ಖಾನೆ ಕಟ್ಟುವಂತಿಲ್ಲ ಎಂದಿತ್ತು. ಈ ಅಂತರವನ್ನು ಬದಲಿಸುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲಕ್ಕೆ ಬಂತು. ಫಲಕ ಬರೆಸುವ ಮುಂಚೆ ಜಾರಿಯಲ್ಲಿರುವ ಅಳತೆಯನ್ನು ತಾಲ್ಲೂಕು ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಒತ್ತುವರಿಯ ಅರ್ಜಿ ತಹಶೀಲ್ದಾರರಿಗೆ. ಹದ್ದುಬಸ್ತು ವರದಿ, ಪಂಚನಾಮೆ, ಕಲ್ಲುಗಳ ಪಟ್ಟಿ ಮೂರೂ ಲಗತ್ತಿಸಿ. 1964ರ ಭೂಕಂದಾಯ ಅಧಿನಿಯಮದ 104ನೇ ಪ್ರಕರಣದಡಿ ತೆರವು, 192-ಎ ಅಡಿ ಮೊಕದ್ದಮೆ ಕೋರಿ.

ಗೆರೆಯ ಹೊರಗಂಚಿನಲ್ಲಿ ಹೊಂಗೆ, ನೇರಳೆ, ಹೊಳೆಮತ್ತಿ ನೆಡಿ. ಗೆರೆಯ ಒಳಗೆ ತಿಂಗಳುಗಟ್ಟಲೆ ನೀರು ತಡೆಯುವ ಕರಿಜಾಲಿ. ಏರಿಯ ಮೇಲೆ ಮಾತ್ರ ಯಾವ ಮರವೂ ಬೇಡ, ಗರಿಕೆ ಸಾಕು. ಮರ ಸತ್ತು ಬೇರು ಕೊಳೆತರೆ ಆ ಟೊಳ್ಳಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಬಳ್ಳಾರಿ ಜಾಲಿಯನ್ನು ಬುಡ ಕಡಿದರೆ ಇಮ್ಮಡಿ ಚಿಗುರುತ್ತದೆ, ಬೇರು ಸಮೇತ ಕೀಳಬೇಕು. ಏರಿಯಲ್ಲಿ ಕಿತ್ತ ಗುಂಡಿಗೆ ಜೇಡಿ ಮಣ್ಣು ತುಂಬಿ ದಮ್ಮಸು ಮಾಡುವುದನ್ನು ಮರೆಯಬೇಡಿ.

ಎರಡನೆಯ ಗೆರೆ: ಇದಕ್ಕಿಂತ ಕೆಳಗೆ ಪಂಪಿಲ್ಲ

ತುಂಬು ಮಟ್ಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬೇಸಿಗೆಯ ತಳಮಟ್ಟದ ಬಗ್ಗೆ ಯಾರೂ ಮಾತಾಡುವುದಿಲ್ಲ. ದನ, ಮೀನು, ಸುತ್ತಲ ಬೋರ್‌ವೆಲ್ ಎಲ್ಲ ಉಳಿಯುವುದು ಇದರಿಂದ. ಬೇಸಿಗೆಗೆಂದು ನೀರು ಕಾಯ್ದಿಡುವ ಮಡು, ಅಂದರೆ ಕೆರೆಯ ಆಳದ ಭಾಗ, ಎರಡು ಹೆಕ್ಟೇರ್ ಎಂದುಕೊಳ್ಳಿ. ಮೇ ಕೊನೆಗೆ ಅದರಲ್ಲಿ ಒಂದೂವರೆ ಮೀಟರ್ ಆಳ ನಿಲ್ಲಬೇಕು. ಅದಕ್ಕಿಂತ ಕಡಿಮೆಯಾದರೆ ನೀರು ತಳದವರೆಗೂ ಬಿಸಿಯಾಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 7 ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿದರೆ ಮಾರ್ಚ್ ಮೊದಲಿನಿಂದ ಜೂನ್ ಮೊದಲ ವಾರದವರೆಗಿನ ನೂರು ದಿನಕ್ಕೆ 70 ಸೆಂಟಿಮೀಟರ್. ಹಾಗಾಗಿ ಮಾರ್ಚ್ 1ರಂದು ಮಡುವಿನಲ್ಲಿ 2.2 ಮೀಟರ್ ಇರಬೇಕು, ಇಂಗುವುದಕ್ಕೆ ಒಂದಿಷ್ಟು ಸೇರಿಸಿ.

ಈಗ ಪಂಪಿನ ಲೆಕ್ಕ. ಐದು ಎಚ್‌ಪಿ ಪಂಪು ಸೆಕೆಂಡಿಗೆ 10 ಲೀಟರ್ ಎತ್ತಿದರೆ, ಹತ್ತು ಪಂಪು ದಿನಕ್ಕೆ ಎಂಟು ಗಂಟೆ ನಡೆದರೆ 28.8 ಲಕ್ಷ ಲೀಟರ್. ಎರಡು ಹೆಕ್ಟೇರ್ ಮಡುವಿನಲ್ಲಿ ಅದು ದಿನಕ್ಕೆ 14 ಸೆಂಟಿಮೀಟರ್ ಇಳಿತ. ಬಿಸಿಲು ಇಪ್ಪತ್ತು ದಿನದಲ್ಲಿ ಕುಡಿಯುವುದನ್ನು ಪಂಪುಗಳು ಒಂದೇ ದಿನದಲ್ಲಿ ಎಳೆಯುತ್ತವೆ, ಹದಿನೈದು ದಿನಕ್ಕೆ ಮಡು ಖಾಲಿ. ಗ್ರಾಮಸಭೆಯಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿ; ಭಾಷಣಕ್ಕಿಂತ ಬೇಗ ನಾಟುತ್ತದೆ.

ತೂಬಿನ ಬಳಿ ಸೆಂಟಿಮೀಟರ್ ಗುರುತಿನ ಒಂದು ಕಂಬ ನಿಲ್ಲಿಸಿ, 2.2 ಮೀಟರಿಗೆ ಕೆಂಪು ಪಟ್ಟಿ ಬಳಿಯಿರಿ. ನೀರು ಕೆಂಪಿಗೆ ಬಂದ ದಿನ ತೂಬು ಬಂದ್, ಪಂಪು ಬಂದ್. ನೀರಗಂಟಿಗೆ ಅಥವಾ ಸೌಡಿಗೆ ಕೊಡುವ ಕೂಲಿ ಬೆಳೆಯ ಮೇಲೆ ನಿಲ್ಲದೆ ತಿಂಗಳ ಮೇಲೆ ನಿಲ್ಲಲಿ. ಇಲ್ಲದಿದ್ದರೆ ಬೆಳೆ ಮುಗಿದ ಮೇಲೆ ಕಂಬ ನೋಡುವವರಿರುವುದಿಲ್ಲ. ನಿರ್ಧಾರವನ್ನು ನವೆಂಬರಿನಲ್ಲೇ, ಬೇಸಿಗೆ ಬೆಳೆಗೆ ಬೀಜ ತರುವ ಮೊದಲೇ ಮಾಡಬೇಕು. ಫೆಬ್ರವರಿಯಲ್ಲಿ ತೆನೆ ಕಟ್ಟುವ ಭತ್ತದ ಎದುರು ಯಾವ ಠರಾವೂ ನಿಲ್ಲದು.

ಹಳ್ಳದ ಬಾಯಿ

ಕೆರೆಗೆ ಬರುವ ಹೊಲಸು ಬರುವುದು ಎರಡು ಮೂರು ಬಾಯಿಗಳಿಂದ ಮಾತ್ರ. ದಂಡೆಯೆಲ್ಲ ಗುಡಿಸುವುದಕ್ಕಿಂತ ಆ ಬಾಯಿಗಳನ್ನು ಹಿಡಿಯುವುದು ಲೇಸು. ಸಾವಿರ ಜನರ ಊರು, ತಲೆಗೆ 55 ಲೀಟರ್ ನೀರು, ಅದರಲ್ಲಿ ನೂರಕ್ಕೆ 80 ಪಾಲು ಚರಂಡಿಗೆ ಎಂದರೆ ದಿನಕ್ಕೆ 44 ಘನ ಮೀಟರ್ ಬಚ್ಚಲು ನೀರು. ಅದು ಎರಡು ದಿನ ನಿಂತು ಹೋಗಲು 10 ಮೀಟರ್ ಉದ್ದ, 6 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ತಿಳಿಗೊಳ. ಅಲ್ಲಿಂದ ಜಲ್ಲಿ ಹಾಸಿನ ಮಡಿಗೆ: 60 ಸೆಂಟಿಮೀಟರ್ ಆಳ, 20ರಿಂದ 40 ಮಿಲಿಮೀಟರ್ ಜಲ್ಲಿ, ನೀರು ನಿಲ್ಲುವುದು ಜಲ್ಲಿಯ ಸಂದಿನಲ್ಲಷ್ಟೇ ಆದ್ದರಿಂದ ಮೂರು ದಿನದ ತಂಗುವಿಕೆಗೆ ಸುಮಾರು 580 ಚದರ ಮೀಟರ್, ಆರು ಗುಂಟೆಗೆ ತುಸು ಕಡಿಮೆ. ಮಡಿಯಲ್ಲಿ ಜಂಬು ಹುಲ್ಲು ಮತ್ತು ಕಾಬಾಳೆ, ಚದರ ಮೀಟರಿಗೆ ಎರಡರಂತೆ.

ಇದು ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ತಿಳಿಗೊಳದ ಕೆಸರು ತೆಗೆಯುವುದಿಲ್ಲ, ಕೆಸರು ಜಲ್ಲಿಗೆ ಹೋಗಿ ಕಟ್ಟಿಕೊಳ್ಳುತ್ತದೆ, ನೀರು ಮೇಲೆ ಹರಿದು ನೇರ ಕೆರೆ ಸೇರುತ್ತದೆ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಕೆಸರು ತೆಗೆಸುವ ಹಣವನ್ನು ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಕಟ್ಟುವ ದಿನವೇ ಸೇರಿಸಿ. ಜಲ್ಲಿಯಲ್ಲಿ ಪುಡಿ, ಎಂ-ಸ್ಯಾಂಡ್ ಬೆರೆತಿದ್ದರೂ ಇದೇ ಗತಿ. ಮಳೆನೀರಿನ ಹಳ್ಳವನ್ನು ಈ ಮಡಿಗೆ ತಿರುಗಿಸಲೇಬೇಡಿ. ಒಂದು ಮಳೆಗೆ ಕೊಚ್ಚಿಹೋಗುತ್ತದೆ. ಪಕ್ಕದಲ್ಲಿ ಬೇರೆ ದಾರಿ ಬಿಡಿ.

ಭದ್ರಾ ನಾಲೆಯ ಬಸಿನೀರು ಬರುವ ದಾವಣಗೆರೆ ಕಡೆಯ ಕೆರೆಗಳಲ್ಲಿ ಇನ್ನೊಂದು ಕಾಟ, ಭತ್ತದ ಗದ್ದೆಯ ಗೊಬ್ಬರ ತಿಂದು ಕೊಬ್ಬುವ ಅಂತರಗಂಗೆ. ಹೂ ಬಿಡುವ ಮೊದಲೇ ತೆಗೆಸಿ. ಬೀಜ ತಳದ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ, ಆದ್ದರಿಂದ ಒಮ್ಮೆ ತೆಗೆದು ಫೋಟೊ ಹಿಡಿಸಿದರೆ ಮುಗಿಯಲಿಲ್ಲ. ತೆಗೆದ ರಾಶಿ ತುಂಬು ಮಟ್ಟದ ಗೆರೆಯ ಹೊರಗೇ ಬೀಳಲಿ. ಹುಲ್ಲುಗೆಂಡೆ ಮೀನನ್ನು ಕೆರೆಗೆ ಬಿಟ್ಟರೆ ಅಂತರಗಂಗೆ ತಿಂದು ಮುಗಿಸುತ್ತದೆ ಎಂಬ ಮಾತನ್ನು ನಂಬಬೇಡಿ; ಅದು ತಿನ್ನುವುದು ನೀರೊಳಗಿನ ಮೆತ್ತನೆ ಕಳೆಯನ್ನು.

ಮೀನು

40 ಹೆಕ್ಟೇರ್ ಕೆರೆಗೆ 40 ಹೆಕ್ಟೇರಿನ ಲೆಕ್ಕದಲ್ಲಿ ಮರಿ ಬಿಡುವುದು ಸಾಮಾನ್ಯ ತಪ್ಪು. ತುಂಬಿದಾಗಿನ ಹರಹು ಮತ್ತು ಬೇಸಿಗೆಯ ಹರಹಿನ ನಡುವಿನದನ್ನು, ಇಲ್ಲಿ 20 ಹೆಕ್ಟೇರನ್ನು ಹಿಡಿಯಿರಿ. ಹೆಕ್ಟೇರಿಗೆ 2,000ದಂತೆ 40,000 ಬೆರಳುದ್ದದ ಮರಿ: ಕಾಟ್ಲಾ 40, ರೋಹು 30, ಮೃಗಾಲ್ 30 ಪಾಲು. ಮರಿ 80ರಿಂದ 100 ಮಿಲಿಮೀಟರ್ ಇರಬೇಕು. ಅಗ್ಗಕ್ಕೆ ಸಿಗುವ 30 ಮಿಲಿಮೀಟರಿನ ಮರಿ ಕೊರವ ಮೀನಿನ ಊಟ. ನೂರಕ್ಕೆ 30 ಉಳಿದು ತಲಾ 800 ಗ್ರಾಂ ತೂಗಿದರೆ 9,600 ಕಿಲೊ. ಗುತ್ತಿಗೆಗೆ ಕೂಗುವ ಮೊದಲು ಈ ಅಂದಾಜು ಜೇಬಿನಲ್ಲಿರಲಿ.

ಮರಿಗಳ ಚೀಲ ತಂದ ಕೂಡಲೇ ಸುರಿಯಬೇಡಿ. ಬೆಳಿಗ್ಗೆಯೋ ಸಂಜೆಯೋ, ಕಟ್ಟಿದ ಚೀಲವನ್ನು 15–20 ನಿಮಿಷ ಕೆರೆಯ ನೀರಿನ ಮೇಲೆ ತೇಲಬಿಟ್ಟು, ಬಾಯಿ ಬಿಚ್ಚಿ ಸ್ವಲ್ಪ ಸ್ವಲ್ಪ ಕೆರೆ ನೀರು ಸೇರಿಸಿ, ಮರಿಗಳು ತಾವಾಗಿ ಹೊರಬರುವಂತೆ ವಾಲಿಸಿ. ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧಿತ. ಜಿಲೇಬಿ ಮೀನು ಒಮ್ಮೆ ಸೇರಿದರೆ ಕೆರೆ ಒಣಗುವವರೆಗೂ ಹೋಗದು.

ಬಲೆಯ ಕಣ್ಣು ಎಳೆದು ಹಿಡಿದಾಗ 100 ಮಿಲಿಮೀಟರಿಗೆ ಕಡಿಮೆ ಬೇಡ. ಹರಿಗೋಲು ಇಳಿಸುವ ಜಾಗದಲ್ಲೇ ಒಂದು ಸ್ಕೇಲ್ ಕಟ್ಟಿ, ಬಲೆ ಅಳೆದು ಒಳಗೆ ಬಿಡಿ. ಇನ್ನು ಮೀನು ಹಿಡಿಯುವುದಕ್ಕೆ ರಜೆ. ಕಡಲಿನ 61 ದಿನವನ್ನು ಹಾಗೆಯೇ ನಕಲು ಮಾಡಿದರೆ ಚಿತ್ರದುರ್ಗದಲ್ಲಿ ಅರ್ಧ ಕೆಲಸ ಕೆಡುತ್ತದೆ, ಏಕೆಂದರೆ ಇಲ್ಲಿ ಎಷ್ಟೋ ಕೆರೆಗಳಿಗೆ ದೊಡ್ಡ ನೀರು ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಮೊಟ್ಟೆ ತುಂಬಿದ ಮೀನು ಹೊಸ ನೀರಿಗೆ ಎದುರಾಗಿ ಹಳ್ಳ ಏರುತ್ತದೆ. ಆಗ ಮೊಣಕಾಲುದ್ದ ನೀರಿನಲ್ಲಿ ಸೊಳ್ಳೆ ಪರದೆ, ಸೀರೆ ಹಿಡಿದು ಬಾಚುವವರಿರುತ್ತಾರೆ. ಆದ್ದರಿಂದ ಜೂನ್–ಜುಲೈ ರಜೆಯ ಜೊತೆಗೆ ಇನ್ನೊಂದು: ಹಳ್ಳದಲ್ಲಿ ಮೊದಲ ನೀರು ಕಂಡ ದಿನದಿಂದ 15 ದಿನ, ಹಳ್ಳದ ಬಾಯಿಯಿಂದ 200 ಮೀಟರ್ ಸುತ್ತ ಯಾವ ಬಲೆಯೂ ಇಲ್ಲ. ಡಂಗುರ ಸಾರಿಸಿ, ವಾಟ್ಸ್ಆ್ಯಪಿಗೂ ಹಾಕಿ. ಸಿಡಿಮದ್ದು, ವಿಷ ಹಾಕುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ರಜೆ ಕೊಟ್ಟರೂ ಅವನ್ನು ಪ್ರತಿವರ್ಷ ತಂದೇ ಬಿಡಬೇಕು. ರಜೆ ಉಳಿಸುವುದು ಊರಿನ ನಾಟಿ ಮೀನುಗಳನ್ನು.

ಹೂಳು

ಚಿಕ್ಕದಾಗಿ ಹೇಳುವುದಾದರೆ: ಏರಿಯ ಬುಡದಿಂದ 30 ಮೀಟರ್ ಒಳಗೆ ಅಗೆಯಬೇಡಿ, ಜೇಡಿ ಪದರ ಕಂಡಲ್ಲಿ ನಿಲ್ಲಿಸಿ. ಇಟ್ಟಿಗೆ ಭಟ್ಟಿಯವರಿಗೆ ಬಿಟ್ಟುಕೊಟ್ಟರೆ ಅವರು ತೆಗೆಯುವುದು ಆ ಜೇಡಿಯನ್ನೇ. ಮುಂದಿನ ವರ್ಷ ಕೆರೆ ಸೋರುತ್ತದೆ. ಹೊಲಕ್ಕೆ ಗೋಡು (ಕೆರೆಯ ಹೂಳು ಮಣ್ಣು) ಹೊಡೆಯುವವರಿಗೆ ಎಕರೆಗೆ 50 ಟ್ರ್ಯಾಕ್ಟರ್ ಟ್ರೈಲರ್ ಮಿತಿ ಸಾಕು, ಟ್ರೈಲರಿಗೆ ಮೂರು ಘನ ಮೀಟರಿನಂತೆ ಅದು ಹೊಲದ ಮೇಲೆ ಸುಮಾರು ನಾಲ್ಕು ಸೆಂಟಿಮೀಟರ್ ಹಾಸು. ಗುಂಡಿಗುಂಡಿಯಾಗಿ ತೋಡದೆ ಕಾಯ್ದಿಡುವ ಮಡುವಿನ ಕಡೆಗೆ ಇಳಿಜಾರು ಬರುವಂತೆ ತೆಗೆಸಿ. ಒಂಟಿ ಗುಂಡಿಗಳಲ್ಲಿ ಮೀನು ಸಿಕ್ಕಿ ಸಾಯುತ್ತದೆ, ಈಜಲು ಹೋದ ಮಕ್ಕಳೂ ಮುಳುಗುತ್ತಾರೆ.

ಠರಾವು ಮತ್ತು ಪುಸ್ತಕ

ಗ್ರಾಮಸಭೆಯ ಠರಾವಿನಲ್ಲಿ ‘ಕೆರೆಯನ್ನು ಸಂರಕ್ಷಿಸತಕ್ಕದ್ದು’ ಎಂಬಂಥ ಸಾಲು ಬೇಡ. ಹೀಗಿರಲಿ: ‘ಕಂಬದಲ್ಲಿ ನೀರು 2.2 ಮೀಟರಿಗೆ ಇಳಿದ ದಿನದಿಂದ ತೂಬು ಮತ್ತು ಪಂಪು ನಿಲ್ಲಿಸುವುದು. ಮೀರಿದವರಿಗೆ ದಿನಕ್ಕೆ ಇಂತಿಷ್ಟು ದಂಡ. ಮಟ್ಟ ಬರೆಯುವ ಹೊಣೆ ನೀರಗಂಟಿಯದು, ವಾರಕ್ಕೊಮ್ಮೆ ಸಹಿ ಸಂಘದ ಕಾರ್ಯದರ್ಶಿಯದು.’ ಅಳತೆ, ತಾರೀಖು, ಹೊಣೆಗಾರ ಮೂರೂ ಇಲ್ಲದ ಸಾಲನ್ನು ಹೊಡೆದುಹಾಕಿ. ಮೀನಿನ ಗುತ್ತಿಗೆಯಿಂದ ಪಂಚಾಯಿತಿಗೆ ಬರುವ ಹಣದಲ್ಲಿ ಐದರಲ್ಲೊಂದು ಪಾಲನ್ನಾದರೂ ತೂಬು, ಕೋಡಿ ರಿಪೇರಿಗೆಂದು ಬೇರೆ ಖಾತೆಯಲ್ಲಿಡಿ. ಕೆರೆ ಒಡೆಯುವ ಹೊತ್ತಿಗೆ ಟೆಂಡರ್ ಕರೆಯಲಾಗುವುದಿಲ್ಲ.

ಪುಸ್ತಕದಲ್ಲಿ ವಾರಕ್ಕೊಂದು ಸಾಲು: ಕಂಬದ ಮಟ್ಟ, ಹಿಡಿದ ಮೀನಿನ ತೂಕ, ಜಾತಿ, ನೀರಿನ ತಿಳಿ. ತಿಳಿಗೆ 20 ಸೆಂಟಿಮೀಟರ್ ಅಗಲದ ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು–ಬಿಳಿ ಬಳಿದು, ಭಾರ ಕಟ್ಟಿ, ಗಂಟು ಹಾಕಿದ ಹಗ್ಗದಲ್ಲಿ ಇಳಿಸಿ. ತಟ್ಟೆ ಮರೆಯಾಗುವ ಆಳ 30ರಿಂದ 40 ಸೆಂಟಿಮೀಟರ್ ಇದ್ದರೆ ಮೀನಿಗೆ ಹದ. ನೀರು ಹಸಿರಾಗಿ ಅದು 20ಕ್ಕಿಂತ ಕೆಳಗೆ ಬಂದರೆ ಪಾಚಿ ಮಿತಿಮೀರಿದೆ. ಮೋಡ ಮುಚ್ಚಿದ ಬೆಳಗಿನಲ್ಲಿ ಮೀನು ತೇಲುವುದು ಇಂಥ ನೀರಿನಲ್ಲೇ.

ಮೀನು ಸತ್ತು ತೇಲಿದರೆ ಮೊದಲು ಹೊತ್ತು ಮತ್ತು ಗಾತ್ರ ನೋಡಿ. ನಸುಕಿನಲ್ಲಿ ದೊಡ್ಡ ಮೀನುಗಳು ಮೊದಲು ಸತ್ತು, ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕದ ಕೊರತೆ. ಪಂಪಿನಿಂದ ಕೆರೆಯ ನೀರನ್ನೇ ಎತ್ತಿ ಕೆರೆಗೇ ಚಿಮ್ಮಿಸಿ, ಮೇವು, ಗೊಬ್ಬರ ಹಾಕುವುದು ನಿಲ್ಲಿಸಿ. ಯಾವ ಹೊತ್ತಿನಲ್ಲಾದರೂ ಎಲ್ಲ ಗಾತ್ರದ ಮೀನು, ಏಡಿ, ನೀರುಹುಳು ಒಟ್ಟಿಗೆ ಸತ್ತಿದ್ದರೆ ಕೀಟನಾಶಕದ ಅನುಮಾನ. ಆಗ ಶುದ್ಧ ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ನೀರನ್ನು ಗಾಳಿ ಉಳಿಯದಂತೆ ಕಂಠಪೂರ್ತಿ ತುಂಬಿ, ಸಾಯುತ್ತಿರುವ ಒಂದೆರಡು ಮೀನನ್ನು ಬೇರೆ ಚೀಲದಲ್ಲಿಟ್ಟು, ಐಸ್ ಡಬ್ಬಿಯಲ್ಲಿ ಅದೇ ದಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ತಲುಪಿಸಿ; ಯಾವ ಹಳ್ಳದ ಬಾಯಿಯ ಬಳಿ ತುಂಬಿದ್ದು ಎಂದು ಕಲ್ಲಿನ ನಂಬರ್ ಸಮೇತ ಬರೆದಿರಲಿ. ತೂಬು ಮುಚ್ಚಿಸಿ, ದನಗಳನ್ನು ಬಿಡದಂತೆ ಹೇಳಿ. ಸತ್ತ ಮೀನನ್ನು ಸಂತೆಗೆ ಒಯ್ಯಲು ಬಿಡದೆ, ತುಂಬು ಮಟ್ಟದ ಗೆರೆಯಿಂದ ಹೊರಗೆ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿಸಿ.